ಕಂಪ್ಯೂಟರಿನೊಳಗಿನ ಪತ್ತೇದಾರಿಕೆ

ಈ ಹೊತ್ತಿನಲ್ಲಿ ನೀವು ಸಾಮಾನ್ಯವಾಗಿ ಕೇಳುವುದು ಅಡಿಕೆಯ ಕೊಳೆರೋಗದ ವಿಚಾರ, ಕಾಳುಮೆಣಸಿನ ಬಳ್ಳಿಯ ವಿಚಾರ, ಹೆಚ್ಚೆಂದರೆ ಒಂದು ಯಕ್ಷಗಾನ ಪ್ರಸಂಗದ ವಿಚಾರ. ನಾನು ಇವತ್ತು ಮಾತಾಡಲು ಬಂದಿರುವುದು ಕಂಪ್ಯೂಟರ್ ಆಟಗಳ ಬಗ್ಗೆ. ಅರುವತ್ತು ದಾಟಿದವನು, ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಇವನಿಗೆ ಈ ಮಕ್ಕಳಾಟದ ಚಪಲ ಯಾಕೆ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗುವುದಕ್ಕೆ ಅಡ್ಡಿಯಿಲ್ಲ, ರೇಡಿಯೋ ಮಾತ್ರ ಬಂದ್ ಮಾಡಬೇಡಿ.

ನಾನು ಹೇಳುವುದು ಗುಂಡು ಹಾರಿಸುವ ಆಟಗಳ ವಿಷಯವಲ್ಲ, ಕಾರು ಓಡಿಸುವ ಆಟಗಳದ್ದೂ ಅಲ್ಲ. ಇವು ಕತೆಯ ಆಟಗಳು. ಪರದೆಯ ಮೇಲೆ ಒಂದು ಚಿತ್ರವಿರುತ್ತದೆ, ಒಂದು ಕೋಣೆಯೋ ಬೀದಿಯೋ. ಮೌಸನ್ನು ಸರಿಸಿ ಮೇಜಿನ ಖಾನೆಯ ಮೇಲೆ ಒತ್ತಿದರೆ ಖಾನೆ ತೆರೆಯುತ್ತದೆ. ಒಳಗಿನ ಕಾಗದವನ್ನು ಒತ್ತಿದರೆ ಅದು ನಿಮ್ಮ ಜೋಳಿಗೆಗೆ ಬೀಳುತ್ತದೆ. ಎದುರಿಗೆ ನಿಂತವನನ್ನು ಒತ್ತಿದರೆ ಅವನು ಮಾತಿಗೆ ಬರುತ್ತಾನೆ. ಕೇಳಬಹುದಾದ ಮೂರು ನಾಲ್ಕು ಪ್ರಶ್ನೆಗಳು ಕೆಳಗೆ ಮೂಡುತ್ತವೆ, ಒಂದನ್ನು ನೀವು ಆರಿಸಬೇಕು. ಅವಸರವೇ ಇಲ್ಲ. ನೀವು ಎದ್ದು ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕಿ ಬಂದರೂ ಅವನು ಅಲ್ಲೇ ನಿಂತಿರುತ್ತಾನೆ. ಪಾಯಿಂಟ್ ಆಂಡ್ ಕ್ಲಿಕ್ ಎಂದು ಇವುಗಳಿಗೆ ಹೆಸರು. ತೋರಿಸು, ಒತ್ತು, ಅಷ್ಟೇ ಕೆಲಸ.

ನಮಗೆ ಇದು ಅಷ್ಟೇನೂ ಹೊಸತಲ್ಲ. ತಾಳಮದ್ದಳೆಯ ಕೂಟದಲ್ಲಿ ಕೃಷ್ಣಸಂಧಾನದ ಕತೆ ಎಲ್ಲರಿಗೂ ಗೊತ್ತು. ಆದರೂ ಕೃಷ್ಣ ಕೌರವನನ್ನು ಯಾವ ಮಾತಿನಲ್ಲಿ ಹಿಡಿಯುತ್ತಾನೆ, ಕೌರವ ಹೇಗೆ ನುಣುಚಿಕೊಳ್ಳುತ್ತಾನೆ ಎಂದು ಬೆಳಗಿನ ತನಕ ಕೂತು ಕೇಳಿದವರು ನಾವು. ಆ ಕಿವಿ ಇದ್ದವರಿಗೆ ಈ ಆಟ ರುಚಿಸುತ್ತದೆ.

ಇದರ ಹುಟ್ಟೇ ಪತ್ತೇದಾರಿಯಲ್ಲಿ. 1980ರಲ್ಲಿ ಅಮೆರಿಕದ ರಾಬರ್ಟಾ ವಿಲಿಯಮ್ಸ್ ಎಂಬ ಗೃಹಿಣಿ, ಅಗಾಥಾ ಕ್ರಿಸ್ಟಿಯ ಕಾದಂಬರಿಯ ಪ್ರೇರಣೆಯಿಂದ, ಕೊಲೆ ನಡೆದ ಮನೆಯೊಂದರ ಆಟವನ್ನು ಕಟ್ಟಿದರು. ಗಂಡ ಕೆನ್ ವಿಲಿಯಮ್ಸ್ ಅದನ್ನು ಆಪಲ್ ಕಂಪ್ಯೂಟರಿಗೆ ಬರೆದುಕೊಟ್ಟರು. ಮಿಸ್ಟರಿ ಹೌಸ್ ಎಂದು ಹೆಸರು. ಬರೇ ಗೆರೆಯ ಚಿತ್ರಗಳು. ಆಡುವವರು "ಬಾಗಿಲು ತೆರೆ" ಎಂಬಂತೆ ಎರಡೆರಡು ಪದ ಟೈಪು ಮಾಡಬೇಕಿತ್ತು. 1987ರಲ್ಲಿ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನ್ನಿಕ್ ಎಂಬವರು ಮೇನಿಯಾಕ್ ಮ್ಯಾನ್ಷನ್ ಎಂಬ ಆಟದಲ್ಲಿ ಕ್ರಿಯಾಪದಗಳನ್ನೆಲ್ಲ ಪರದೆಯ ಮೇಲೆಯೇ ಬರೆದಿಟ್ಟರು. ಟೈಪು ಮಾಡುವ ಕಷ್ಟ ಅಲ್ಲಿಗೆ ತಪ್ಪಿತು.

ಇತಿಹಾಸ ಸಾಕು. ಯಾವ ಆಟ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದಕ್ಕೆ ನನ್ನಲ್ಲಿ ಒಂದು ಅಳತೆಗೋಲಿದೆ. ಅದು ಬ್ಯಾಂಕಿನಿಂದ ತಂದದ್ದು.

ಬ್ಯಾಂಕಿಗೆ ಕಂಪ್ಯೂಟರ್ ಬರುವ ಮೊದಲು ಸಂಜೆ ಹೊತ್ತು ಲೆಕ್ಕ ತಾಳೆ ನೋಡುವುದೇ ಒಂದು ಯುದ್ಧ. ಎರಡೂ ಕಡೆಯ ಮೊತ್ತ ಸಮ ಬಾರದೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಆಗ ಹಿರಿಯ ಗುಮಾಸ್ತರು ಒಂದು ಉಪಾಯ ಹೇಳಿಕೊಡುತ್ತಿದ್ದರು. ವ್ಯತ್ಯಾಸದ ಮೊತ್ತವನ್ನು ಒಂಬತ್ತರಿಂದ ಭಾಗಿಸಿ ನೋಡು. ಶೇಷವಿಲ್ಲದೆ ಭಾಗವಾದರೆ ಎಲ್ಲೋ ಅಂಕಿ ಹಿಂದುಮುಂದಾಗಿರುವ ಸಂಭವ ಹೆಚ್ಚು. 540 ಬರೆಯುವಲ್ಲಿ 450 ಎಂದು ಬರೆದರೆ ವ್ಯತ್ಯಾಸ 90, ಒಂಬತ್ತು ಹತ್ತಲೆ ತೊಂಬತ್ತು. ಹಾಗಲ್ಲದಿದ್ದರೆ ವ್ಯತ್ಯಾಸದ ಅರ್ಧ ಮೊತ್ತದ ವೋಚರು ಹುಡುಕು. ಜಮೆಯದ್ದು ಖರ್ಚಿಗೆ ಬಿದ್ದಿರಬಹುದು. ಇಷ್ಟು ಹುಡುಕುವ ಧೈರ್ಯ ಬರುವುದು ಒಂದೇ ನಂಬಿಕೆಯಿಂದ: ತಪ್ಪು ಎಲ್ಲಿದ್ದರೂ ಈ ಪುಸ್ತಕಗಳ ಒಳಗೇ ಇದೆ, ಹೊರಗಿಲ್ಲ. ಪತ್ತೇದಾರಿ ಆಟವೂ ನನಗೆ ಈ ಭರವಸೆ ಕೊಡಬೇಕು. ಬೇಕಾದ ಸುಳಿವು ನನ್ನ ಕಣ್ಣೆದುರು ಇರಬೇಕು. ಕಾಣದೆ ಹೋದರೆ ಅದು ನನ್ನ ಪಾಡು.

ಈ ಭರವಸೆ ಕೊಡದ ಆಟಗಳು ಬೇಕಷ್ಟಿವೆ. 1990ರ ಕಿಂಗ್ಸ್ ಕ್ವೆಸ್ಟ್ ಐದನೆಯ ಭಾಗದಲ್ಲಿ ರಾಜನ ಕೈಗೆ ಒಂದು ಸಿಹಿ ಕಡುಬು ಸಿಗುತ್ತದೆ. ಹಸಿದ ರಾಜ ಅದನ್ನು ತಿಂದರೆ ಆಟ ಏನೂ ಹೇಳುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ಹಿಮದ ಬೆಟ್ಟದಲ್ಲಿ ಹಿಮಮಾನವ ಎದುರಾದಾಗ ಆ ಕಡುಬನ್ನು ಅವನ ಮುಖಕ್ಕೆ ಎಸೆಯಬೇಕಿತ್ತಂತೆ! ತಿಂದಾಗಿದೆ, ದಾರಿ ಮುಚ್ಚಿದೆ, ಹಿಂದೆ ಹೋಗಿ ಆಡಿ. ಇದು ಒಗಟಲ್ಲ, ಹೊಂಡ ತೋಡಿ ಮೇಲೆ ತರಗೆಲೆ ಹರಡಿದ ಹಾಗೆ.

1999ರ ಗೇಬ್ರಿಯಲ್ ನೈಟ್ ಮೂರನೆಯ ಭಾಗ ಇನ್ನೂ ಪ್ರಸಿದ್ಧ. ಫ್ರಾನ್ಸಿನ ರೆನ್-ಲೆ-ಶಾತೊ ಎಂಬ ಹಳ್ಳಿಯಲ್ಲಿ ನಡೆಯುವ ಗಂಭೀರ ರಹಸ್ಯದ ಕತೆ. ನಾಯಕನಿಗೆ ಬಾಡಿಗೆ ಮೋಟಾರುಬೈಕು ಬೇಕು, ಅದಕ್ಕೆ ಗೆಳೆಯನ ಹೆಸರಿನಲ್ಲಿ ವೇಷ ಹಾಕಬೇಕು. ಕೊಟ್ಟಿಗೆಯ ಕಿಂಡಿಗೆ ಅಂಟುಪಟ್ಟಿ ಹಚ್ಚಿ, ಬೆಕ್ಕನ್ನು ಆ ದಾರಿಯಲ್ಲಿ ಓಡಿಸಿ, ಅಂಟಿದ ಕೂದಲನ್ನು ಸಕ್ಕರೆ ಪಾಕದಿಂದ ಮುಖಕ್ಕೆ ಹಚ್ಚಿ ಮೀಸೆ ಮಾಡಿಕೊಳ್ಳಬೇಕು. ತಮಾಷೆ ಇನ್ನೂ ಮುಗಿದಿಲ್ಲ. ಆ ಗೆಳೆಯನಿಗೆ ಮೀಸೆಯೇ ಇಲ್ಲ! ಹಾಗಾಗಿ ಅವನ ಪಾಸ್‌ಪೋರ್ಟಿನ ಫೋಟೋಕ್ಕೂ ಪೆನ್ನಿನಿಂದ ಮೀಸೆ ಬರೆಯಬೇಕು. ಇದನ್ನು ಯಾರು ತಾನೇ ಊಹಿಸಿಯಾರು ಮಾರಾಯ್ರೇ?

ಮೂರನೆಯ ಉದಾಹರಣೆ ನಮಗೆ ಹತ್ತಿರದ್ದು, ಯಾಕೆಂದರೆ ಅದು ಭಾಷೆಯ ಸಂಗತಿ. 1991ರ ಮಂಕಿ ಐಲೆಂಡ್ ಎರಡನೆಯ ಭಾಗ ಬಹಳ ಒಳ್ಳೆಯ ಆಟ, ಹೊಟ್ಟೆ ಹುಣ್ಣಾಗುವಷ್ಟು ನಗು. ಅದರಲ್ಲಿ ಜಲಪಾತವೊಂದನ್ನು ನಿಲ್ಲಿಸಲು ಪಂಪು ತಿರುಗಿಸಬೇಕು, ಕೈಯಲ್ಲಿ ಸ್ಪ್ಯಾನರ್ ಇಲ್ಲ. ಉತ್ತರ ಏನೆಂದರೆ, ಪಿಯಾನೋ ಬಾರಿಸುವ ಒಂದು ಮಂಗನನ್ನು ಬಾಳೆಹಣ್ಣು ತೋರಿಸಿ ಮಂಕು ಹಿಡಿಸಿ, ಸೆಟೆದು ನಿಂತ ಆ ಮಂಗನನ್ನು ತಂದು ಪಂಪಿಗೆ ಸಿಕ್ಕಿಸಿ ತಿರುಗಿಸುವುದು. ಯಾಕೆ? ಅಮೆರಿಕದವರು ಒಂದು ಜಾತಿಯ ಸ್ಪ್ಯಾನರಿಗೆ ಮಂಕಿ ರೆಂಚ್ ಎನ್ನುತ್ತಾರೆ. ಆ ಮಾತು ಗೊತ್ತಿದ್ದವನು ನಗುತ್ತಾನೆ. ಗೊತ್ತಿಲ್ಲದವನು ವಾರಗಟ್ಟಲೆ ಆ ನೀರಿನ ಮುಂದೆ ಕೂತಿರುತ್ತಾನೆ.

ಇದೇ ಆಟವನ್ನು ನಮ್ಮ ಕಾಸರಗೋಡಿನವನೊಬ್ಬ ಮಾಡಿದ ಎಂದಿಟ್ಟುಕೊಳ್ಳಿ. ಅಂಗಡಿಯವನು "ಸಾಮಾನಿನ ಪಟ್ಟಿ ತಾ" ಎನ್ನುತ್ತಾನೆ. ಆಡುವವನು ಬೀದಿಯ ನಾಯಿಯನ್ನು ಎತ್ತಿಕೊಂಡು ಹೋಗಿ ಕೊಟ್ಟರೆ ಬಾಗಿಲು ತೆರೆಯುತ್ತದೆ! ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ ಎಂದು ನಿಮಗೆ ಗೊತ್ತು, ಮಂಜೇಶ್ವರದ ಮಕ್ಕಳಿಗೂ ಗೊತ್ತು. ಧಾರವಾಡದವರಿಗೆ ಹೇಗೆ ಗೊತ್ತಾಗಬೇಕು? ತುಳುವಿನಲ್ಲಿ ಎದುರುಕತೆ, ಮಲಯಾಳದಲ್ಲಿ ಕಡಂಕಥ, ಕನ್ನಡದಲ್ಲಿ ಒಗಟು. ಮೂರರಲ್ಲೂ ನಿಯಮ ಒಂದೇ: ಉತ್ತರ ಕೇಳಿದ ಮೇಲೆ "ಅಯ್ಯೋ, ಹೌದಲ್ಲ" ಎನಿಸಬೇಕು. "ಇದ್ಯಾವ ಊರಿನ ಮಾತು" ಎನಿಸಬಾರದು.

ವಿಚಿತ್ರವೆಂದರೆ ಆ ಮಂಗನ ಆಟದ ಕರ್ತೃ ರಾನ್ ಗಿಲ್ಬರ್ಟರೇ 1989ರಲ್ಲಿ ಇಂಥ ಆಟಗಳು ಯಾಕೆ ಹಾಳಾಗಿವೆ ಎಂದು ಒಂದು ಲೇಖನ ಬರೆದಿದ್ದರು. ಬೀಗ ಮೊದಲು ಕಾಣಬೇಕು, ಬೀಗದ ಕೈ ಆಮೇಲೆ ಸಿಗಬೇಕು. ಸತ್ತು ಕಲಿಯುವ ಸ್ಥಿತಿ ಬರಬಾರದು. ಅವರ ವಾದದ ಸಾರ ಇದು. ಬಂಗಾರದಂಥ ಮಾತು. ಹೇಳಿದವರಿಗೂ ಪಾಲಿಸುವುದು ಕಷ್ಟವೆಂದು ಕಾಣುತ್ತದೆ.

ಈಗ ಒಳ್ಳೆಯವುಗಳ ಕಡೆ ಬರೋಣ. 2015ರಲ್ಲಿ ಇಂಗ್ಲೆಂಡಿನ ಸ್ಯಾಮ್ ಬಾರ್ಲೋ ಎಂಬವರು ಹರ್ ಸ್ಟೋರಿ ಎಂಬ ಆಟ ಮಾಡಿದರು. ಗಂಡ ಕಾಣೆಯಾದ ಹೆಂಗಸೊಬ್ಬಳನ್ನು 1994ರಲ್ಲಿ ಪೊಲೀಸರು ಏಳು ಸಲ ವಿಚಾರಿಸಿದ ವಿಡಿಯೋ ತುಣುಕುಗಳು ಹಳೆಯ ಕಂಪ್ಯೂಟರಿನಲ್ಲಿ ಚೂರುಚೂರಾಗಿ ಬಿದ್ದಿವೆ. ನೀವು ಒಂದು ಪದ ಬರೆದರೆ ಆ ಪದ ಅವಳು ಆಡಿದ ತುಣುಕುಗಳು ಬರುತ್ತವೆ, ಆದರೆ ಮೊದಲ ಐದು ಮಾತ್ರ. ಉಳಿದವು ಬೇಕಾದರೆ ಇನ್ನೊಂದು ಪದ ಹುಡುಕಬೇಕು. ಎಂದರೆ ಕಿವಿಗೊಟ್ಟು ಕೇಳಬೇಕು. ರೇಡಿಯೋ ಕೇಳಿ ಬೆಳೆದವರಿಗೆ ಹೇಳಿ ಮಾಡಿಸಿದ ಆಟ. 2019ರ ಡಿಸ್ಕೋ ಎಲಿಸಿಯಮ್ ಎಂಬುದನ್ನೂ ಎಲ್ಲರೂ ಹೊಗಳುತ್ತಾರೆ. ನೆನಪು ಕಳಕೊಂಡ ಪತ್ತೇದಾರನ ಕತೆ, ಹತ್ತು ಲಕ್ಷಕ್ಕೂ ಹೆಚ್ಚು ಇಂಗ್ಲಿಷ್ ಪದಗಳು. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೆ ಅದು ಭಾರವಾಯಿತು, ಕೆಳಗಿಟ್ಟೆ. ನಾನು ಇವತ್ತು ಹೆಸರಿಸಿದ ಯಾವ ಆಟವೂ ಕನ್ನಡದಲ್ಲಿಲ್ಲ, ಮಲಯಾಳದಲ್ಲೂ ಇಲ್ಲ. ಮಗ್ಗುಲಲ್ಲಿ ನಿಘಂಟು ಇಟ್ಟುಕೊಂಡೇ ಆಡಬೇಕು.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಲೂಕಸ್ ಪೋಪ್ ಎಂಬವರ ಎರಡು ಆಟಗಳು. ಮೊದಲನೆಯದು 2013ರ ಪೇಪರ್ಸ್, ಪ್ಲೀಸ್. ನೀವು ಗಡಿಯ ಗೇಟಿನಲ್ಲಿ ಕೂತ ಅಧಿಕಾರಿ. ಅರ್ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶ. ಯುದ್ಧದಿಂದ ಗ್ರೆಸ್ಟಿನ್ ಎಂಬ ಊರು ಎರಡು ಹೋಳಾಗಿದೆ. ಒಬ್ಬೊಬ್ಬರೇ ಕಿಟಕಿಗೆ ಬಂದು ಕಾಗದ ಕೊಡುತ್ತಾರೆ. ಹೆಸರು, ಹುಟ್ಟಿದ ದಿನ, ಮೊಹರು ತಾಳೆ ನೋಡಿ ಒಳಗೆ ಬಿಡಬೇಕು ಅಥವಾ ಹಿಂದೆ ಕಳಿಸಬೇಕು. ತಲೆಗೆ ಇಷ್ಟೆಂದು ಸಂಬಳ. ನಿಯಮ ತಪ್ಪಿ ಬಿಟ್ಟರೆ ದಿನಕ್ಕೆ ಎರಡು ಎಚ್ಚರಿಕೆ, ಆಮೇಲೆ ದಂಡ. ಸಂಜೆ ಉಳಿದ ಹಣದಲ್ಲಿ ಮನೆ ಬಾಡಿಗೆ, ಊಟ, ಚಳಿಗೆ ಬೆಂಕಿ. ಒಂದು ದಿನ ಒಬ್ಬ ಗಂಡಸು ಬರುತ್ತಾನೆ, ಕಾಗದ ಎಲ್ಲ ಸರಿ. ಹೋಗುವಾಗ, ಹಿಂದೆ ನನ್ನ ಹೆಂಡತಿ ಇದ್ದಾಳೆ, ದಯೆ ತೋರಿಸಿ ಎನ್ನುತ್ತಾನೆ. ಅವಳ ಕೈಯಲ್ಲಿ ಪ್ರವೇಶ ಪತ್ರ ಇಲ್ಲ.

ಕೌಂಟರಿನ ಈಚೆ ಬದಿಯಲ್ಲಿ ಕೂತವರಿಗೆ ಈ ಆಟ ಆಟವಾಗಿ ಉಳಿಯುವುದಿಲ್ಲ. ನಮ್ಮ ಕಡೆಯ ಹೆಸರುಗಳ ಅವಸ್ಥೆ ನಿಮಗೆ ಗೊತ್ತೇ ಇದೆ. ರೇಷನ್ ಕಾರ್ಡಿನಲ್ಲಿ ಶಂಕರನ್, ಪಾಸ್ ಪುಸ್ತಕದಲ್ಲಿ ಶಂಕರ, ಜಾಗದ ದಾಖಲೆಯಲ್ಲಿ ಸಂಕಪ್ಪ. ಮನುಷ್ಯ ಒಬ್ಬನೇ, ಬರೆದ ಕೈ ಮೂರು, ಭಾಷೆ ಮೂರು. ಮನೆಹೆಸರು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ. ಗಂಡ ತೀರಿಕೊಂಡ ಮೇಲೆ ಅವನ ಖಾತೆಯ ಹಣಕ್ಕೆ ಬಂದ ಹೆಂಗಸಿಗೆ ಈ ಮೂವರೂ ಒಬ್ಬನೇ ಎಂದು ತೋರಿಸುವುದಕ್ಕೆ ಎಷ್ಟು ತಿರುಗಾಟ! ಊರಿನ ಗುರುತಿನವರು ಬಂದು ಸಾಕ್ಷಿ ಹೇಳಬೇಕು, ಮುದ್ರೆ ಕಾಗದ ಮಾಡಿಸಬೇಕು. ಪೋಪ್ ಅವರ ಆಟದಲ್ಲಿ ಇದಕ್ಕೊಂದು ದಾರಿ ಇಟ್ಟಿದ್ದಾರೆ. ಎರಡು ಕಾಗದದಲ್ಲಿ ಹೆಸರು ಬೇರೆ ಬೇರೆ ಕಂಡರೆ ನೇರ ಹಿಂದೆ ಕಳಿಸಬೇಕೆಂದಿಲ್ಲ. ಬೆರಳಚ್ಚು ತೆಗೆಯಬಹುದು. ಅವನಿಗಿರುವ ಬೇರೆ ಹೆಸರುಗಳು ದಾಖಲೆಯಲ್ಲಿ ಬರುತ್ತವೆ. ಹೊಂದಿದರೆ ಅವನು ಸಾಚಾ. ಅದನ್ನು ಕಂಡಾಗ ನನಗೆ ನಮ್ಮ ಹೆಬ್ಬೆಟ್ಟಿನ ಪುಸ್ತಕ ನೆನಪಾಯಿತು. ಸಹಿ ಬದಲಾಗುತ್ತದೆ, ಕಾಗುಣಿತ ಬದಲಾಗುತ್ತದೆ, ಹೆಬ್ಬೆಟ್ಟು ಬದಲಾಗುವುದಿಲ್ಲ.

ಅವರ ಎರಡನೆಯ ಆಟ 2018ರದ್ದು, ರಿಟರ್ನ್ ಆಫ್ ದಿ ಓಬ್ರಾ ಡಿನ್. ನಾನು ಆಡಿದವುಗಳಲ್ಲಿ ಇದಕ್ಕೆ ಮಿಗಿಲಾದದ್ದು ಇಲ್ಲ. 1802ರಲ್ಲಿ ಲಂಡನ್ನಿನಿಂದ ಪೂರ್ವ ದೇಶಗಳತ್ತ ಹೊರಟ ಹಡಗು ಕಾಣೆಯಾಗುತ್ತದೆ. 1807ರಲ್ಲಿ ಹರಿದ ಹಾಯಿಯೊಂದಿಗೆ ತಾನಾಗಿ ತೇಲಿ ಬರುತ್ತದೆ, ಒಳಗೆ ಜನವಿಲ್ಲ. ಆಡುವವರು ಪೊಲೀಸರಲ್ಲ, ಈಸ್ಟ್ ಇಂಡಿಯಾ ಕಂಪೆನಿಯ ವಿಮೆ ಲೆಕ್ಕದ ಅಧಿಕಾರಿ. ಗುಮಾಸ್ತನೇ ನಾಯಕ! ಹಡಗಿನಲ್ಲಿದ್ದ 60 ಮಂದಿಯ ಹೆಸರು, ಕೆಲಸ, ದೇಶ ಇರುವ ಒಂದು ಪಟ್ಟಿ, ಎಲ್ಲರ ಮುಖವಿರುವ ಚಿತ್ರಗಳು, ಮತ್ತು ಸತ್ತವರ ಕೊನೆಯ ಕ್ಷಣವನ್ನು ತೋರಿಸುವ ಒಂದು ಮಾಯಾ ಗಡಿಯಾರ ನಿಮ್ಮ ಕೈಗೆ ಬರುತ್ತದೆ. ಯಾವ ಮುಖಕ್ಕೆ ಯಾವ ಹೆಸರು, ಅವನು ಏನಾದ, ಇಷ್ಟನ್ನು ಪುಸ್ತಕದಲ್ಲಿ ತುಂಬಬೇಕು. ಚಿತ್ರ ಬರೇ ಕಪ್ಪು ಬಿಳುಪು.

ಇದರ ನ್ಯಾಯ ನೋಡಿ. ಒಬ್ಬನನ್ನು ಗುರುತಿಸಲು ಸಾಕಷ್ಟು ಸುಳಿವು ಬರುವ ತನಕ ಅವನ ಮುಖವೇ ಮಸುಕಾಗಿರುತ್ತದೆ. ಮೂರು ಜನರದ್ದು ಸರಿ ತುಂಬಿದ ಮೇಲೆಯೇ ಪುಸ್ತಕ ಒಪ್ಪುತ್ತದೆ. ಒಬ್ಬೊಬ್ಬನಿಗೇ ಕತ್ತಲಲ್ಲಿ ಕಲ್ಲು ಹೊಡೆಯಲಾಗದು. ಸುಳಿವುಗಳೂ ನಮ್ಮಂಥವರಿಗೆ ತಿಳಿಯುವಂಥವು. ಯಾರು ಯಾವ ಭಾಷೆ ಆಡಿದರು, ಉಚ್ಚಾರ ಯಾವ ಊರಿನದ್ದು, ಯಾರ ಜೊತೆ ಯಾರು ಕೂತಿದ್ದಾರೆ. ಬಸ್ಸಿನಲ್ಲಿ ಪಕ್ಕದವನು ಎರಡು ಮಾತಾಡಿದರೆ ಅವನು ಪುತ್ತೂರಿನವನೋ ಪಯ್ಯನ್ನೂರಿನವನೋ ಎಂದು ಹೇಳುವ ನೀವು ಇದರಲ್ಲಿ ಸೋಲುವುದಿಲ್ಲ. ಒಂದು ಗುಟ್ಟನ್ನು ಮಾತ್ರ ಬಿಟ್ಟುಕೊಡುತ್ತೇನೆ. ನಾವಿಕರು ಮಲಗುವ ತೂಗುಹಾಸಿಗೆಗಳಿಗೆ ಸಂಖ್ಯೆಯ ಚೀಟಿ ಇದೆ, ಪಟ್ಟಿಯಲ್ಲಿ ಹೆಸರಿನ ಮುಂದೆಯೂ ಸಂಖ್ಯೆ ಇದೆ. ಲೆಡ್ಜರ್ ನಂಬ್ರ ನೋಡಿ ಖಾತೆ ಹಿಡಿದವನಿಗೆ ಇದಕ್ಕಿಂತ ಹೆಚ್ಚು ಸುಖ ಬೇಕೆ?

ಆ ಹಡಗಿನಲ್ಲಿ ರಷ್ಯಾದವರು, ಚೀನಾದವರು, ಭಾರತದ ನಾವಿಕರೂ ಇದ್ದಾರೆ. ನಮ್ಮವರಿಬ್ಬರು ಯಾವ ಸಾಹಸದಲ್ಲೂ ಸಾಯುವುದಿಲ್ಲ, ಹಾಸಿಗೆಯಲ್ಲಿ ಕಾಯಿಲೆ ಬಿದ್ದು ಸಾಯುತ್ತಾರೆ. ಕೊನೆಗೆ ನೀವು ತುಂಬಿದ ಪುಸ್ತಕದ ಮೇಲೆ ಕಂಪೆನಿ ವಿಮೆಯ ಲೆಕ್ಕ ಮಾಡುತ್ತದೆ: ಯಾರ ಮನೆಯವರಿಗೆ ಪರಿಹಾರ, ಯಾರ ಆಸ್ತಿಗೆ ದಂಡ. ಆ ಲೆಕ್ಕ ಹೋಗುವುದು ನೀವು ಬರೆದ ಹೆಸರನ್ನು ಹಿಡಿದು. ಆ ಇಬ್ಬರಲ್ಲಿ ಯಾರು ಯಾರೆಂದು ಹೊಂದಿಸಲು ನನಗೆ ಎರಡು ಸಂಜೆ ಹಿಡಿಯಿತು. ಮಗ ಫೋನಿನಲ್ಲಿ ಉತ್ತರ ಹುಡುಕಿ ಹೇಳುತ್ತೇನೆ ಎಂದ, ಬೇಡ ಎಂದೆ. ಅದು ಹೇಗೆ ಹೊಂದಿತು ಎಂದು ನಾನೂ ನಿಮಗೆ ಹೇಳುವುದಿಲ್ಲ.