ಆಟದ ಪೀರಿಯಡ್ಡು ಎಲ್ಲಾ ಮಕ್ಕಳದ್ದು

(ಕೋಡಿಬಾಗದ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘದ ಸಭೆ ಎಂದರೆ ಉಳಿತಾಯ, ಸಾಲ, ಕಂತು, ಪಾಸ್‌ಬುಕ್ಕು ಇಷ್ಟೇ ಎಂದು ಹೊರಗಿನವರು ತಿಳಿದಿದ್ದಾರೆ. ಆದರೆ ನಮ್ಮ ಸಂಘಗಳಲ್ಲಿ ಕುಡಿಯುವ ನೀರು, ಶೌಚಾಲಯ, ಮಕ್ಕಳ ಶಾಲೆ ಎಲ್ಲವೂ ಚರ್ಚೆಗೆ ಬಂದಿವೆ. ಈ ಹೊತ್ತು ನಾವು ಮಾತಾಡುವ ವಿಷಯ ಕೇಳಿದರೆ ಕೆಲವರಿಗೆ ನಗು ಬಂದೀತು. ವಿಷಯ ಪ್ರಾಥಮಿಕ ಶಾಲೆಯ ಮಕ್ಕಳ ಆಟ ಮತ್ತು ದೈಹಿಕ ಶಿಕ್ಷಣ.

"ಸಿಸ್ಟರ್, ಆಟಕ್ಕೂ ಒಂದು ಸಭೆ ಬೇಕಾ? ಮಕ್ಕಳು ತಾವಾಗಿಯೇ ಆಡ್ತಾವಲ್ಲ" ಎಂದು ನೀವು ಕೇಳಬಹುದು. ಹಾಗಾದರೆ ಒಂದು ಲೆಕ್ಕ ಹಾಕೋಣ. ನಿನ್ನೆ ನಿಮ್ಮ ಮಗ ಎಷ್ಟು ಹೊತ್ತು ಆಡಿದ? ಮಗಳು ಎಷ್ಟು ಹೊತ್ತು ಆಡಿದಳು? ಬಾಯಿಬಿಟ್ಟು ಹೇಳುವುದು ಬೇಡ, ಮನಸ್ಸಿನಲ್ಲೇ ಹಾಕಿ. ಮನೆ ಭೇಟಿಗೆ ಹೋದಾಗ ನಾವು ನೋಡುವುದು ಹೀಗಿದೆ. ಶಾಲೆ ಬಿಟ್ಟು ಬಂದ ಹುಡುಗ ಚೀಲ ಎಸೆದು ಓಡುತ್ತಾನೆ. ಹುಡುಗಿ ಚೀಲ ಇಟ್ಟು ತಮ್ಮನನ್ನು ಎತ್ತಿಕೊಳ್ಳುತ್ತಾಳೆ. ತಾಯಿ ಮೀನು ಬುಟ್ಟಿ ಹೊತ್ತು ಪೇಟೆಗೆ ಹೋಗಿದ್ದಾಳೆ, ಬರುವಾಗ ಸಂಜೆಯಾಗುತ್ತದೆ. ಯಾರ ತಪ್ಪು ಎಂದು ಕೇಳುವುದಕ್ಕೆ ನಾವು ಬಂದಿಲ್ಲ. ಆ ಹುಡುಗಿಗೆ ಆಡಲು ಸಿಗುವ ಜಾಗ ಒಂದೇ, ಅದು ಶಾಲೆಯ ಆಟದ ಪೀರಿಯಡ್ಡು. ಅದೂ ಕೈತಪ್ಪಿದರೆ ಅವಳಿಗೆ ಆಟವೇ ಇಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟು ಮುಂದಿನದ್ದನ್ನು ಕೇಳಿ.

ಮೊದಲು ಆಟದ ಜಾಗ ಇತ್ತು

ನಾವು ಸಣ್ಣವರಿದ್ದಾಗ ಆಟ ಯಾರೂ ಕಲಿಸಬೇಕಾಗಿರಲಿಲ್ಲ. ಲಗೋರಿ, ಕುಂಟಾಬಿಲ್ಲೆ, ಚಿನ್ನಿದಾಂಡು, ಕಣ್ಣಾಮುಚ್ಚಾಲೆ, ಕೆರೆ-ದಡ. ಮನೆಯ ಮುಂದೆ ಅಂಗಳ, ಆಚೆ ಮರಳು ದಂಡೆ. ಈಗ ನಮ್ಮ ಕಾರವಾರ-ಅಂಕೋಲಾ ಕರಾವಳಿ ಹಾಗಿಲ್ಲ. ಸೀಬರ್ಡ್ ನೌಕಾನೆಲೆಗಾಗಿ ಎಷ್ಟೋ ಕುಟುಂಬಗಳು ಹುಟ್ಟಿದ ಊರು ಬಿಟ್ಟು ಬಂದವು. ಮನೆಯ ಜೊತೆಗೆ ಮಕ್ಕಳು ಆಡುತ್ತಿದ್ದ ದಂಡೆಯೂ ಹೋಯಿತು. ರಾಷ್ಟ್ರೀಯ ಹೆದ್ದಾರಿ 66 ಅಗಲವಾಗಿ ಚತುಷ್ಪಥವಾಯಿತು. ಅನುಕೂಲ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಚೆಂಡು ರಸ್ತೆಗೆ ಹೋದರೆ ಮಗು ಅದರ ಹಿಂದೆ ಓಡುತ್ತದೆ ಎನ್ನುವ ಹೆದರಿಕೆ ನಿಮಗೆಲ್ಲ ಇದೆ. ಕೋಡಿಬಾಗದ ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ. ಮಳೆಗಾಲದಲ್ಲಿ ಎರಡೂ ಕಡೆ ಮಕ್ಕಳನ್ನು ಬಿಡುವಂತಿಲ್ಲ. ಹೀಗೆ ಜಾಗ ಕಡಿಮೆಯಾದಷ್ಟೂ ಕೈಗೆ ಮೊಬೈಲು ಬಂತು. ಆದ್ದರಿಂದ ಶಾಲೆಯ ಮೈದಾನದ ಬೆಲೆ ಹಿಂದಿಗಿಂತ ಈಗ ಹೆಚ್ಚು.

ಆಟ ಯಾಕೆ ಬೇಕು?

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕು, ಆಡಬೇಕು. ವಾರದಲ್ಲಿ ಕನಿಷ್ಠ 3 ದಿನ ಮೂಳೆ-ಸ್ನಾಯು ಗಟ್ಟಿಯಾಗುವಂಥ ಆಟ, ಅಂದರೆ ಜಿಗಿಯುವುದು, ಹತ್ತುವುದು, ಎಳೆಯುವುದು ಇರಬೇಕು. ನಮ್ಮ ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. ಮೂಳೆ ಬಲಿಯುವುದು ಬೆಳೆಯುವ ವಯಸ್ಸಿನಲ್ಲಿ. ನಲವತ್ತು ದಾಟಿದ ಮೇಲೆ ಸೊಂಟ ನೋವು, ಮೊಣಕಾಲು ನೋವು ಎಂದು ನಾವು ಒದ್ದಾಡುತ್ತೇವಲ್ಲ, ಮೂಳೆಯ ಗಟ್ಟಿತನಕ್ಕೆ ಬುನಾದಿ ಬೀಳುವುದು ಹತ್ತು-ಹನ್ನೆರಡರ ಆ ವಯಸ್ಸಿನಲ್ಲೇ.

ದೇಹದ ಮಾತು ಇಷ್ಟಾಯಿತು. ಆಟದಲ್ಲಿ ಮಗು ಸರದಿ ಕಾಯುವುದನ್ನು ಕಲಿಯುತ್ತದೆ. ಸೋತು ಮನೆಗೆ ಬಂದು, ಮರುದಿನ ಮತ್ತೆ ಆಡಲು ಹೋಗುವುದನ್ನು ಕಲಿಯುತ್ತದೆ. ಮನೆಯಲ್ಲಿ ಕೊಂಕಣಿ ಮಾತಾಡುವ ಮಗು ಒಂದನೇ ತರಗತಿಯಲ್ಲಿ ಕನ್ನಡ ಬಾರದೆ ಮೂಲೆಯಲ್ಲಿ ಕೂತಿರುತ್ತದೆ. ಅದೇ ಮಗು ಲಗೋರಿಗೆ ಇಳಿದರೆ ಒಂದು ವಾರದಲ್ಲಿ ಕನ್ನಡದಲ್ಲಿ ಜಗಳ ಮಾಡುತ್ತದೆ! ಸಂತ ಜಾನ್ ಬೋಸ್ಕೊ 19ನೇ ಶತಮಾನದಲ್ಲಿ ಇಟಲಿಯ ತುರಿನ್ ನಗರದ ಬಡ ಹುಡುಗರನ್ನು ಒಟ್ಟುಗೂಡಿಸಿದಾಗ ಪ್ರಾರ್ಥನೆ, ಪಾಠ, ಕೆಲಸದ ಜೊತೆಗೆ ಆಟದ ಅಂಗಳವನ್ನೂ ಇಟ್ಟುಕೊಂಡರು. ಆಟವಿಲ್ಲದೆ ಮಕ್ಕಳನ್ನು ಬೆಳೆಸಲಿಕ್ಕೆ ಆಗುವುದಿಲ್ಲ ಎಂದು ಅವರು ಅರಿತಿದ್ದರು.

ಗೆಲ್ಲುವವರಿಗೆ ಮಾತ್ರವೇ?

ಕ್ರೀಡಾಕೂಟದ ಸಮಯ ಬಂದರೆ ಶಾಲೆಯಲ್ಲಿ ಗದ್ದಲ. ವಲಯ ಮಟ್ಟ, ತಾಲೂಕು ಮಟ್ಟ, ಜಿಲ್ಲಾ ಮಟ್ಟ. ಚೆನ್ನಾಗಿ ಓಡುವ ಹತ್ತು-ಹನ್ನೆರಡು ಮಕ್ಕಳನ್ನು ಆರಿಸಿ ತರಬೇತಿ ಕೊಡುತ್ತಾರೆ. ಬಹುಮಾನ ಬಂದರೆ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ, ಒಳ್ಳೆಯದೇ. ಆದರೆ ಉಳಿದ ಮಕ್ಕಳು? ದಪ್ಪ ಇರುವವರು, ಸಣಕಲು ಇರುವವರು, ಕಾಲು ಊನ ಇರುವವರು ಗೋಡೆಯ ಬದಿ ಕೂತು ನೋಡುತ್ತಾರೆ. ಆಟ ಹೆಚ್ಚು ಬೇಕಾದದ್ದು ಆ ಮಕ್ಕಳಿಗೇ.

ನಮ್ಮ ಕಡೆಯ ರಾಂಪಣಿ ಬಲೆ ನಿಮಗೆ ಗೊತ್ತು. ದಂಡೆಯಲ್ಲಿ ನಿಂತು ಎಳೆಯುವಾಗ ನೀನು ಮುದುಕ, ನೀನು ಸಣ್ಣವ, ದೂರ ಹೋಗು ಎಂದು ಯಾರೂ ಹೇಳುವುದಿಲ್ಲ. ಹಗ್ಗಕ್ಕೆ ಕೈಹಾಕಿದವರಿಗೆಲ್ಲ ಪಾಲು ಉಂಟು. ಶಾಲೆಯ ಆಟವೂ ಹಾಗೇ ಇರಬೇಕು.

ನಮ್ಮ ಜಿಲ್ಲೆಯದ್ದೇ ಒಂದು ಉದಾಹರಣೆ ಇದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ವಸತಿ ತರಬೇತಿ ಕೊಟ್ಟಿತು. ಕಾಡಿನ ಊರುಗಳಿಂದ ಹೋದ ಮಕ್ಕಳು ಓಟದಲ್ಲಿ, ಜಿಗಿತದಲ್ಲಿ ಪದಕ ತಂದರು. ಕಮಲಾ ಸಿದ್ದಿಯವರು ರಾಷ್ಟ್ರ ಮಟ್ಟದ ಕ್ರೀಡಾಪಟುವಾಗಿ ಹೆಸರು ಮಾಡಿದರು. ಆದರೆ 1990ರ ದಶಕದ ಮೊದಲ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಅರ್ಧ ದಾರಿಯಲ್ಲಿದ್ದ ಮಕ್ಕಳು ಊರಿಗೆ ಹಿಂತಿರುಗಿದರು. ಇದರಿಂದ ನಾವು ಕಲಿಯುವುದು ಎರಡು ಪಾಠ. ನಮ್ಮ ಜಿಲ್ಲೆಯ ಬಡ ಮಕ್ಕಳಲ್ಲಿ ಶಕ್ತಿ ಇದೆ. ಆದರೆ ಮೇಲಿನಿಂದ ಬಂದ ಯೋಜನೆ ಮೇಲಿನವರು ನಿಲ್ಲಿಸಿದಾಗ ನಿಲ್ಲುತ್ತದೆ. ಊರಿನ ಶಾಲೆಯಲ್ಲಿ ದಿನವೂ ನಡೆಯುವ ಆಟಕ್ಕೆ ಊರಿನ ತಾಯಂದಿರೇ ಕಾವಲಿದ್ದರೆ ಅದು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಖರ್ಚು ಬಹಳ ಎನ್ನುವವರಿಗೂ ಒಂದು ಮಾತು. ಖೋ-ಖೋ ಆಟಕ್ಕೆ ಬೇಕಾದದ್ದು ಎರಡು ಕಂಬ, ಸುಣ್ಣದ ಗೆರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಭಾರತದ ಮಹಿಳಾ ತಂಡ ಗೆದ್ದಿತು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರು ಎಂಬ ಹಳ್ಳಿಯ ಹುಡುಗಿ ಚೈತ್ರಾ ಇದ್ದರು. ಎಲ್ಲರೂ ವಿಶ್ವಕಪ್ಪಿಗೆ ಹೋಗಬೇಕೆಂದಲ್ಲ. ಹಳ್ಳಿ ಹುಡುಗಿಗೆ ಆಟ ಯಾಕೆ ಎಂದು ಕೇಳುವವರಿಗೆ ಈ ಉತ್ತರ ಸಾಕು.

ಕಾನೂನು ಏನು ಹೇಳುತ್ತದೆ?

ಆಟ ಯಾರೋ ಕೊಡುವ ದಾನವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ರತಿ ಶಾಲೆಗೆ ಆಟದ ಮೈದಾನ ಇರಬೇಕು, ತರಗತಿಗಳಿಗೆ ಆಟದ ಸಾಮಾನು ಕೊಡಬೇಕು. 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರಾದರೂ ಬೇಕು. ಸಣ್ಣ ಶಾಲೆಗಳಲ್ಲಿ ಪ್ರತ್ಯೇಕ ಪಿ.ಟಿ. ಮಾಸ್ತರು ಇರುವುದಿಲ್ಲ. ಅಲ್ಲಿ ತರಗತಿಯ ಅಕ್ಕೋರು, ಮಾಸ್ತರರೇ ಆಡಿಸಬೇಕು. ಅವರಿಗೂ ಬಿಸಿಯೂಟದ ಲೆಕ್ಕ, ಸರ್ಕಾರದ ದಾಖಲೆ ಎಂದು ಹತ್ತು ಕೆಲಸ. ಆದ್ದರಿಂದ ನಾವು ಜಗಳಕ್ಕೆ ಹೋಗುವುದಲ್ಲ, ಕೈಜೋಡಿಸುವುದಕ್ಕೆ ಹೋಗಬೇಕು.

ಸಮಗ್ರ ಶಿಕ್ಷಾ ಯೋಜನೆಯ ನಿಯಮದಲ್ಲಿ ಆಟದ ಸಾಮಾನಿಗೆಂದೇ ವರ್ಷಕ್ಕೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ 5,000 ರೂಪಾಯಿವರೆಗೆ, ಹಿರಿಯ ಪ್ರಾಥಮಿಕ ಶಾಲೆಗೆ 10,000 ರೂಪಾಯಿವರೆಗೆ ಅನುದಾನ ಇದೆ. ನಿಮ್ಮ ಶಾಲೆಗೆ ಅದು ಬಂತೇ, ಅದರಲ್ಲಿ ಏನು ತಂದರು, ತಂದ ಚೆಂಡು ಕಪಾಟಿನಲ್ಲಿದೆಯೋ ಮಕ್ಕಳ ಕೈಯಲ್ಲಿದೆಯೋ ಎಂದು ಕೇಳುವ ಹಕ್ಕು ನಿಮಗಿದೆ. ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಎಸ್.ಡಿ.ಎಂ.ಸಿ. ಸಭೆಗೆ ಹೋಗಿ ಸಹಿ ಹಾಕಿ ಚಹಾ ಕುಡಿದು ಬಂದರೆ ಸಾಲದು, ಅಲ್ವಾ?

ನಾವು ಮಾಡಬಹುದಾದದ್ದು

1. ವೇಳಾಪಟ್ಟಿ ಕೇಳೋಣ. ವಾರಕ್ಕೆ ಎಷ್ಟು ಆಟದ ಪೀರಿಯಡ್ಡು? ಅದರಲ್ಲಿ ಎಷ್ಟು ಗಣಿತಕ್ಕೆ ಹೋಗುತ್ತದೆ? ಮಕ್ಕಳನ್ನೇ ಕೇಳಿದರೆ ಸರಿಯಾಗಿ ಹೇಳುತ್ತಾರೆ. ಗಲಾಟೆ ಮಾಡಿದ್ದಕ್ಕೆ, ಮನೆಕೆಲಸ ಬರೆಯದ್ದಕ್ಕೆ ಶಿಕ್ಷೆಯಾಗಿ ಆಟ ತಪ್ಪಿಸುವುದು ಬೇಡ ಎಂದು ವಿನಯದಿಂದ ಹೇಳೋಣ.

2. ವಯಸ್ಸಿಗೆ ತಕ್ಕ ಆಟ. 1ರಿಂದ 3ನೇ ತರಗತಿಗೆ ಸ್ಪರ್ಧೆ ಬೇಡ. ಓಡುವುದು, ಕುಪ್ಪಳಿಸುವುದು, ಚೆಂಡು ಎಸೆದು ಹಿಡಿಯುವುದು ಸಾಕು. 4-5ಕ್ಕೆ ಲಗೋರಿ, ರಿಲೇ ಓಟದಂಥ ಗುಂಪಿನ ಆಟ. 6-7ಕ್ಕೆ ಖೋ-ಖೋ, ಕಬಡ್ಡಿ, ಥ್ರೋಬಾಲ್. ಕಾಲು ಬಾರದ ಮಗು ಕೂತು ಚೆಂಡು ಎಸೆಯಬಹುದು, ಎಣಿಕೆ ಮಾಡಬಹುದು.

3. ಮೈದಾನ ಸ್ವಚ್ಛ ಮಾಡೋಣ. ಮಳೆ ನಿಂತ ಮೇಲೆ ಒಂದು ಭಾನುವಾರ ಸಂಘದವರು ಸೇರಿ ಗಾಜಿನ ಚೂರು, ಕಲ್ಲು, ಮುಳ್ಳು ತೆಗೆದು, ಹೊಂಡ ಮುಚ್ಚಿ ಶ್ರಮದಾನ ಮಾಡಬಹುದು.

4. ಸಾಮಾನು ನಾವೇ ಕೊಡೋಣ. ದೋಣಿಯ ಹಳೇ ಹಗ್ಗ ತುಂಡರಿಸಿ ತುದಿಗೆ ಗಂಟು ಹಾಕಿದರೆ ಸ್ಕಿಪ್ಪಿಂಗ್ ಹಗ್ಗ. ಬಟ್ಟೆಯ ಚೆಂಡು, ತೆಂಗಿನ ಗರಿಯ ಚೆಂಡು, ಹಳೇ ಟಯರು, ಲಗೋರಿಗೆ ಹಂಚಿನ ತುಂಡು, ಅದರ ಅಂಚು ಉಜ್ಜಿ ನಯ ಮಾಡಿರಬೇಕು.

5. ಮಳೆಗಾಲಕ್ಕೆ ಬೇರೆ ಯೋಜನೆ. ನಮ್ಮಲ್ಲಿ ಶಾಲೆ ತೆರೆದ ಮೊದಲ ನಾಲ್ಕು ತಿಂಗಳು ಮಳೆಯೇ. ಮೈದಾನ ಒಣಗಲಿ ಎಂದು ಕಾದರೆ ವರ್ಷ ಅರ್ಧ ಮುಗಿಯುತ್ತದೆ. ಜಗಲಿಯಲ್ಲೇ ನಿಂತಲ್ಲಿ ಓಟ, ಕವಾಯತು, ಯೋಗಾಸನ, ಹಾಡು-ಕುಣಿತ ನಡೆಯಲಿ.

6. ಹೊಟ್ಟೆ ಮತ್ತು ರಕ್ತ. ಬೆಳಿಗ್ಗೆ ಬರೀ ಚಹಾ-ಬಿಸ್ಕಿಟಿನಲ್ಲಿ ಹೋದ ಮಗು ಓಡಲಾರದು. ಗಂಜಿಯಾದರೂ ಕುಡಿಸಿ ಕಳಿಸಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆ ತಪ್ಪಿಸಬೇಡಿ. 5 ಮತ್ತು 10ನೇ ವಯಸ್ಸಿನ ಚುಚ್ಚುಮದ್ದು ಆಗಿದೆಯೇ ನೋಡಿ, ಧನುರ್ವಾಯುವಿನಿಂದ ರಕ್ಷಣೆ ಅದರಲ್ಲೇ ಇದೆ. ಬಿದ್ದು ತರಚಿದರೆ ಶುದ್ಧ ನೀರಿನಲ್ಲಿ ತೊಳೆಯಿರಿ, ಕಾಫಿ ಪುಡಿ, ಬೂದಿ ಹಾಕಬೇಡಿ.

7. ಹುಡುಗಿಗೆ ಒಂದು ಗಂಟೆ. ಇದು ಎಲ್ಲಕ್ಕಿಂತ ಕಷ್ಟದ್ದು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಸರದಿ ಹಾಕಿಕೊಳ್ಳಿ. ಇವತ್ತು ಸಂಜೆ ಒಬ್ಬರು ನಾಲ್ಕೂ ಮನೆಯ ಸಣ್ಣ ಮಕ್ಕಳನ್ನು ನೋಡಿಕೊಂಡರೆ ಮೂರು ಮನೆಯ ಹುಡುಗಿಯರಿಗೆ ಕೈ ಖಾಲಿಯಾಗುತ್ತದೆ. ಸಾಲಕ್ಕೆ ಒಬ್ಬರಿಗೊಬ್ಬರು ಜಾಮೀನು ನಿಂತವರು ನಾವು, ಇದಕ್ಕೆ ನಿಲ್ಲಲಾರೆವೇ?

ಇನ್ನು ಕೆಲವು ತಾಯಂದಿರ ಆತಂಕ. ಬಿಸಿಲಿಗೆ ಕಪ್ಪಾಗ್ತಾಳೆ, ಬಟ್ಟೆ ಹರೀತದೆ, ಕೈಕಾಲು ಮುರಿದರೆ ನಾಳೆ ಮದುವೆ ಹೇಗೆ ಎನ್ನುತ್ತಾರೆ. ಬಟ್ಟೆ ಹರಿದರೆ ಹೊಲಿಯಬಹುದು. ಮೈಬಣ್ಣದ ಮಾತು ಹುಡುಗಿಯ ಕಿವಿಗೆ ಬೀಳದಿರಲಿ. ಆರು-ಏಳನೇ ತರಗತಿಯಲ್ಲಿ ಮುಟ್ಟು ಶುರುವಾದರೆ ಆಟ ನಿಲ್ಲಿಸಬೇಕಾಗಿಲ್ಲ. ಹೊಟ್ಟೆನೋವು ಇದ್ದ ದಿನ ಸುಮ್ಮನಿರಲಿ, ಇಲ್ಲದ ದಿನ ಆಡಲಿ. ಶಾಲೆಯ ಶೌಚಾಲಯದಲ್ಲಿ ನೀರು, ಬಾಗಿಲಿಗೆ ಚಿಲಕ ಇದೆಯೇ ಎಂದು ಮಾತ್ರ ನಾವು ನೋಡಿಕೊಳ್ಳಬೇಕು. ಅದಿಲ್ಲದ್ದಕ್ಕೇ ಎಷ್ಟೋ ಹುಡುಗಿಯರು ಆಟದಿಂದ ಹಿಂದೆ ಸರಿಯುತ್ತಾರೆ.

ಈ ತಿಂಗಳ ಕೆಲಸ

ಮಾತು ಇಲ್ಲಿಗೇ ಮುಗಿದರೆ ಪ್ರಯೋಜನವಿಲ್ಲ. ಪ್ರತಿ ಸಂಘ ಈ ತಿಂಗಳ ಸಭೆಯಲ್ಲಿ ಆಟದ ವಿಷಯ ಇಟ್ಟು ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಲಿ. ಇಬ್ಬರು ಸದಸ್ಯೆಯರು ಮುಖ್ಯೋಪಾಧ್ಯಾಯರನ್ನು ಕಂಡು ಮಾತಾಡಲಿ. ಶಾಲೆಯ ಕೈಯಲ್ಲಿ ಆಗದ ಕೆಲಸವಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಕೊಡೋಣ. ಅರ್ಜಿ ಬರೆಯಲು ನಮ್ಮ ಕಾರ್ಯಕರ್ತೆಯರು ಸಹಾಯ ಮಾಡುತ್ತಾರೆ. ಮುಂದಿನ ಸಭೆಯಲ್ಲಿ ನಾವು ಕೇಳುವ ಪ್ರಶ್ನೆ ಎಷ್ಟು ಪದಕ ಬಂತು ಎಂಬುದಲ್ಲ. ಗೋಡೆಯ ಬದಿ ಕೂತಿದ್ದ ಎಷ್ಟು ಮಕ್ಕಳು ಎದ್ದು ಮೈದಾನಕ್ಕೆ ಬಂದರು ಎಂದು ಕೇಳುತ್ತೇವೆ.

ಮಕ್ಕಳನ್ನು ತನ್ನ ಬಳಿಗೆ ಬರಗೊಟ್ಟ ಪ್ರಭು ನಮ್ಮ ಈ ಸಣ್ಣ ಪ್ರಯತ್ನವನ್ನು ಆಶೀರ್ವದಿಸಲಿ.