ಗುಟುಕು ಜೀವ



ಕನ್ನಡದಲ್ಲಿ ‘ಗುಟುಕು ಜೀವ’ ಎಂಬುದೊಂದು ಮಾತಿದೆ. ನಾಡಿ ಕೈಗೆ ಸಿಗದು, ಉಸಿರು ಇದೆಯೋ ಇಲ್ಲವೋ ತಿಳಿಯದು. ಆದರೂ ಪ್ರಾಣ ಇನ್ನೂ ದೇಹವನ್ನು ಬಿಟ್ಟಿಲ್ಲ ಎನ್ನುವ ಸ್ಥಿತಿಗೆ ನಮ್ಮ ಹಿರಿಯರು ಇಟ್ಟ ಹೆಸರು ಅದು. ನಾನು ವೈದ್ಯನಲ್ಲ, ಬಾಳಿನ ಬಹುಭಾಗವನ್ನು ಕನ್ನಡ ಪಾಠ ಹೇಳುವುದರಲ್ಲಿ ಕಳೆದವನು. ಆದರೆ ಅಪಘಾತದ ಪೆಟ್ಟಿನಿಂದ ಹೃದಯ ನಿಂತವರು ಮತ್ತೆ ಬದುಕುವುದುಂಟೆ, ಬದುಕಿದರೆ ಯಾವ ಕಾರಣಗಳಿಂದ ಎಂಬುದನ್ನು ತಿಳಿಯಹೊರಟಾಗ, ವೈದ್ಯಶಾಸ್ತ್ರವು ಇಂದು ಹೇಳುವ ಮಾತಿಗೂ ಈ ಹಳೆಯ ನುಡಿಗೂ ಹತ್ತಿರದ ನಂಟಿರುವುದು ಕಂಡಿತು. ಆ ನಂಟನ್ನು ನಿಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಇವು ತುಮಕೂರು ಜಿಲ್ಲೆಯ ಬಯಲುಸೀಮೆಯ ತಾಲ್ಲೂಕುಗಳು. ಶಿರಾವನ್ನು ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ತುಮಕೂರಿನಿಂದ ಹೊರಟ ಇನ್ನೊಂದು ದಾರಿ ಕೊರಟಗೆರೆ, ಮಧುಗಿರಿಗಳನ್ನು ದಾಟಿ ಪಾವಗಡ ಸೇರುತ್ತದೆ. ಗೊರವನಹಳ್ಳಿಯ ಲಕ್ಷ್ಮಿಗೆ, ಸಿದ್ಧರಬೆಟ್ಟಕ್ಕೆ, ಪಾವಗಡದ ಶನಿಮಹಾತ್ಮನಿಗೆ ಹೋಗಿಬರುವ ಭಕ್ತರು, ಕಾಲೇಜಿನ ಮಕ್ಕಳು, ಸಂತೆಗೆ ಹೋಗುವ ರೈತರು, ಎಲ್ಲರಿಗೂ ಈ ರಸ್ತೆಗಳೇ ಗತಿ. 2022ರ ಮಾರ್ಚ್ 19ರಂದು ವೈ. ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ, ಜನ ಕಿಕ್ಕಿರಿದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ಬಳಿ ಮಗುಚಿ, ವಿದ್ಯಾರ್ಥಿಗಳೂ ಸೇರಿ ಕನಿಷ್ಠ ಐದು ಮಂದಿ ಸತ್ತರು. ಅದೇ ವರ್ಷ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಹೆದ್ದಾರಿಯಲ್ಲಿ ಲಾರಿಗೂ ಕ್ರೂಸರ್ ವಾಹನಕ್ಕೂ ಡಿಕ್ಕಿಯಾಗಿ, ರಾಯಚೂರು ಕಡೆಯಿಂದ ಕೂಲಿಗಾಗಿ ಬೆಂಗಳೂರಿಗೆ ಹೊರಟಿದ್ದ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಈ ಪ್ರಶ್ನೆ ನಮ್ಮ ಮನೆಬಾಗಿಲಿನದೇ ಹೊರತು ದೂರದ್ದಲ್ಲ.

ಹೃದಯ ನಿಲ್ಲುವುದರಲ್ಲಿ ಎರಡು ಬಗೆ. ಹೃದ್ರೋಗಿಯ ಎದೆ ನಿಂತಾಗ ಕೆಟ್ಟಿರುವುದು ಹೃದಯವೆಂಬ ಯಂತ್ರವೇ; ಅಲ್ಲಿ ಎದೆಯನ್ನು ಒತ್ತುವುದೂ ವಿದ್ಯುದಾಘಾತ ಕೊಡುವುದೂ ಮುಖ್ಯ ಚಿಕಿತ್ಸೆ. ಗಾಯಾಳುವಿನಲ್ಲಿ ಬಹುಮಟ್ಟಿಗೆ ಯಂತ್ರ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಬೇಕಾದುದು ಒದಗಿರುವುದಿಲ್ಲ. ವಯಸ್ಕರ ಮೈಯಲ್ಲಿರುವ ರಕ್ತ ಸುಮಾರು ಐದು ಲೀಟರು. ಅದರಲ್ಲಿ ಎರಡು ಲೀಟರು ಸೋರಿಹೋದರೆ ಹೃದಯ ಬರಿದಾಗತೊಡಗುತ್ತದೆ. ಬತ್ತಿದ ಬಾವಿಯಲ್ಲಿ ಏತ ಎಷ್ಟು ತುಳಿದರೇನು? ಆದುದರಿಂದ ಇಲ್ಲಿ ಮೊದಲ ಕೆಲಸ ಸೋರಿಕೆಯನ್ನು ನಿಲ್ಲಿಸಿ ರಕ್ತ ತುಂಬುವುದು. ಎರಡನೆಯ ಕಾರಣ, ಪ್ರಜ್ಞೆ ತಪ್ಪಿದವನ ನಾಲಿಗೆ ಹಿಂದಕ್ಕೆ ಬಿದ್ದೋ, ರಕ್ತ, ವಾಂತಿ ಕಟ್ಟಿಕೊಂಡೋ ಉಸಿರಿನ ದಾರಿ ಮುಚ್ಚುವುದು. ಮೂರನೆಯದು, ಶ್ವಾಸಕೋಶ ಹರಿದು ಎದೆಗೂಡಿನಲ್ಲಿ ಗಾಳಿ ಸಿಕ್ಕಿಕೊಂಡು ಒತ್ತುವುದು. ನಾಲ್ಕನೆಯದು, ಹೃದಯವನ್ನು ಸುತ್ತಿದ ಚೀಲದಲ್ಲಿ ರಕ್ತ ತುಂಬಿ, ಹೃದಯ ಅರಳಲಾರದೆ ಹೋಗುವುದು. ಈ ನಾಲ್ಕಕ್ಕೂ ಪರಿಹಾರವುಂಟು. ಇದ್ದಲ್ಲಿ ಸಮಯವೊಂದೇ ಇರಬೇಕು.

ಇಂಥ ರೋಗಿಗಳಿಗಾಗಿ ಶ್ರಮಪಡುವುದು ವ್ಯರ್ಥವೆಂದು ವೈದ್ಯರೇ ಬಹುಕಾಲ ನಂಬಿದ್ದರು. ಈಗ ಆ ನಂಬಿಕೆ ಸಡಿಲವಾಗಿದೆ. ಬದುಕುವವರು ಇಂದಿಗೂ ಕೆಲವರೇ. ನೂರರಲ್ಲಿ ಹತ್ತು ಮಂದಿಯೂ ಅಪರೂಪ. ಆದರೆ ಆ ಕೆಲವರು ಯಾರು ಎಂಬುದು ಬರಿಯ ಹಣೆಬರಹವಲ್ಲ. ಯಾರಾದರೂ ನೋಡುತ್ತಿದ್ದಾಗಲೇ ಎದೆ ನಿಂತವರು, ಕಣ್ಣಿನ ಪಾಪೆಯಲ್ಲಿ ಚಲನೆಯೋ ಬಿಕ್ಕಿದಂಥ ಉಸಿರೋ ಉಳಿದವರು, ಹೃದಯದಲ್ಲಿ ವಿದ್ಯುತ್ತಿನ ಸಂಚಾರ ಕಾಣುವವರು, ಇವರಿಗೆ ಆಸೆ ಹೆಚ್ಚು. ಗಾಡಿಯಡಿ ನಜ್ಜುಗುಜ್ಜಾದವನಿಗಿಂತ ಒಂದೇ ಕಡೆ ಇರಿತವಾದವನನ್ನು ಉಳಿಸುವುದು ಸುಲಭ. 1896ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆಹನ್ ಇರಿತಕ್ಕೊಳಗಾದ ಹೃದಯಕ್ಕೇ ಹೊಲಿಗೆ ಹಾಕಿ ರೋಗಿಯನ್ನು ಉಳಿಸಿದ. ನಮ್ಮ ಹಿರಿಯರು ಗುಟುಕು ಜೀವವೆಂದದ್ದನ್ನೇ ಶಾಸ್ತ್ರ ಇಂದು ‘ಜೀವಚಿಹ್ನೆ’ ಎನ್ನುತ್ತಿದೆ. ಹಾಗಿದ್ದವನನ್ನು ಸತ್ತವರ ಲೆಕ್ಕಕ್ಕೆ ಸೇರಿಸಬಾರದೆಂಬ ವಿವೇಕ ಎರಡರಲ್ಲಿಯೂ ಇದೆ.

ಈಗ ನಮ್ಮ ದಾರಿಯ ಲೆಕ್ಕ ನೋಡೋಣ. ರಕ್ತಸಂಚಾರ ನಿಂತ ಮೇಲೆ ನಾಲ್ಕಾರು ನಿಮಿಷಗಳಲ್ಲಿ ಮಿದುಳು ಕೆಡತೊಡಗುತ್ತದೆ. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರು; ಮಧುಗಿರಿಯಿಂದ ನಲವತ್ತಕ್ಕೂ ಹೆಚ್ಚು; ಶಿರಾದಿಂದ ಐವತ್ತರ ಆಸುಪಾಸು. ನಿಮಿಷಕ್ಕೂ ಮೈಲಿಗೂ ಇರುವ ಈ ಅಂತರವನ್ನು ಯಾವ ಚಾಲಕನೂ ತುಂಬಲಾರ. ಆದುದರಿಂದ ನಮ್ಮ ಸೀಮೆಯಲ್ಲಿ ಎದೆ ನಿಂತ ಮೇಲಿನ ಬದುಕು ನಿರ್ಧಾರವಾಗುವುದು ಎದೆ ನಿಲ್ಲುವ ಮೊದಲೇ: ಪೆಟ್ಟು ಬಿದ್ದ ಗಳಿಗೆಗೂ ಹೃದಯ ನಿಲ್ಲುವ ಗಳಿಗೆಗೂ ನಡುವೆ, ರಸ್ತೆಯ ಬದಿಯಲ್ಲಿ, ಅಲ್ಲಿ ನಿಂತವರ ಕೈಯಲ್ಲಿ. ಚಿಮ್ಮುವ ರಕ್ತವನ್ನು ಟವೆಲ್ಲಿನಿಂದ ಬಲವಾಗಿ ಒತ್ತಿ ಹಿಡಿಯುವುದು, ಕುತ್ತಿಗೆ ಅಲುಗದಂತೆ ದವಡೆಯನ್ನು ಮುಂದಕ್ಕೆತ್ತಿ ಉಸಿರಿಗೆ ದಾರಿ ಬಿಡಿಸುವುದು, 108ಕ್ಕೆ ತಿಳಿಸುವುದು, ಉಸಿರು ನಿಂತಿದ್ದರೆ ಎದೆಯನ್ನು ಒತ್ತತೊಡಗುವುದು, ಇವಕ್ಕೆ ಪದವಿ ಬೇಡ. ಎದೆ ಮೊದಲು ನಿಂತು ಆಮೇಲೆ ವಾಹನ ಉರುಳಿರುವುದೂ ಉಂಟು. ಅಲ್ಲಿ ಎದೆಯನ್ನು ಒತ್ತುವುದೇ ಜೀವದಾನ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಬಿದ್ದವನ ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ದೊಡ್ಡ ಪುಣ್ಯ. ಶರಶಯ್ಯೆಯಲ್ಲಿದ್ದ ಭೀಷ್ಮನು ನೀರು ಬೇಡಿದಾಗ ಅರ್ಜುನನು ನೆಲಕ್ಕೆ ಬಾಣ ಹೊಡೆದು ಚಿಲುಮೆ ತರಿಸಿದ ಕತೆ ನಮ್ಮ ರಕ್ತದಲ್ಲಿದೆ. ಆದರೆ ಭೀಷ್ಮ ಇಚ್ಛಾಮರಣಿ, ಉತ್ತರಾಯಣದವರೆಗೆ ಕಾಯಬಲ್ಲವನು. ಪ್ರಜ್ಞೆ ತಪ್ಪಿದ ಗಾಯಾಳುವಿಗೆ ಬಿಟ್ಟ ನೀರು ಹೊಟ್ಟೆಗಿಳಿಯದೆ ಉಸಿರುಗೊಳವೆಗೆ ಇಳಿಯುತ್ತದೆ. ಕೊನೆಯ ಗುಟುಕು ಸಾಯುವವನಿಗೆ ಸಲ್ಲುವ ಉಪಚಾರ. ಅದನ್ನು ಬದುಕಬಲ್ಲವನಿಗೆ ಮಾಡಿದೆವೆಂದರೆ ಅವನನ್ನು ನಾವೇ ಸಾಯುವವರ ಸಾಲಿಗೆ ಸೇರಿಸಿದಂತೆ. ಗುಟುಕು ಜೀವಕ್ಕೆ ಗುಟುಕು ನೀರು ಮದ್ದಲ್ಲ.

ಜನ ಹಿಂಜರಿಯುವುದು ಕರುಣೆಯಿಲ್ಲದೆ ಅಲ್ಲ; ಪೊಲೀಸು, ಕೋರ್ಟು, ಖರ್ಚುಗಳ ಭಯದಿಂದ. 2016ರ ಫೆಬ್ರವರಿಯಲ್ಲಿ, ಗುಬ್ಬಿ ತಾಲ್ಲೂಕಿನಲ್ಲಿ ಮತ ಹಾಕಿ ಬೆಂಗಳೂರಿಗೆ ಮರಳುತ್ತಿದ್ದ ಹರೀಶ್ ನಂಜಪ್ಪ ಎಂಬ ತರುಣ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ದೇಹ ಎರಡು ತುಂಡಾದರೂ, ತನ್ನ ಅಂಗಗಳನ್ನು ದಾನ ಮಾಡಿರೆಂದು ಹೇಳಿ ಪ್ರಾಣಬಿಟ್ಟನು. ಅವನ ಹೆಸರಿನಲ್ಲಿ ರಾಜ್ಯ ಸರ್ಕಾರ ಅದೇ ವರ್ಷ, ಅಪಘಾತವಾದ ಮೊದಲ 48 ಗಂಟೆಗಳ ಉಚಿತ ಚಿಕಿತ್ಸೆಯ ಯೋಜನೆಯನ್ನು ತಂದಿತು. ತುರ್ತು ಚಿಕಿತ್ಸೆ ವೈದ್ಯನ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿತ್ತು. ನೆರವಾದವರನ್ನು ಪೀಡಿಸಬಾರದೆಂಬ ರಕ್ಷಣೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲಿ ಸೇರಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ, ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯನ್ನು ಪ್ರಕಟಿಸಿತು. ಭಯಕ್ಕೆ ಇದ್ದ ಕಾರಣಗಳು ಕಾಗದದ ಮೇಲಾದರೂ ತೀರಿವೆ. ಅವು ಮನಸ್ಸಿನಿಂದಲೂ ತೀರಬೇಕು.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಹೆಚ್ಚಿನವರು ಉಳಿಯಲಾರರು. ಅಲ್ಲಿ ಸೋತ ಕೈಗಳ ಮೇಲೆ ಯಾವ ಋಣವೂ ಉಳಿಯದು. ಆದರೆ ಉಳಿಯಬಹುದಾಗಿದ್ದ ಒಬ್ಬರನ್ನು ‘ಆಯಿತು, ಹೋಯಿತು’ ಎಂದು ನಾವು ಸುತ್ತಲೂ ನಿಂತು ನೋಡಿದರೆ, ಆ ಮಾತು ನಿಜವಾಗುವುದು ನಾವು ಅದನ್ನು ಆಡಿದ್ದರಿಂದಲೇ. ಸಾವನ್ನು ಸಾರುವ ಅಧಿಕಾರ ವೈದ್ಯನಿಗಿರಲಿ. ಅಲ್ಲಿಯವರೆಗೆ ರಸ್ತೆಯಲ್ಲಿ ಬಿದ್ದವನು ನಮ್ಮ ಪಾಲಿಗೆ ಬದುಕಿರುವವನೇ ಆಗಿರಲಿ.