ಎಂಜಿನಿಯರರ ನೀತಿಶಾಸ್ತ್ರವೂ ಹ್ಯಾರಿಸ್ ಪಂಡಿತರೂ



ಪಾಠಶಾಲೆಯಲ್ಲಿ ತರ್ಕವನ್ನೋದಿದವನು ಎಂಜಿನಿಯರರ ನೀತಿಯನ್ನು ಕುರಿತು ನುಡಿಯುವುದೇಕೆಂದು ಕೆಲವರಿಗೆ ಸೋಜಿಗವಾಗಬಹುದು. ನವಿಲುತೀರ್ಥದ ಅಣೆಕಟ್ಟಿನ ನೀರನ್ನು ನಂಬಿದ ನಮ್ಮ ಸೀಮೆಗಲ್ಲದೆ ಇನ್ನಾರಿಗೆ ಆ ನೀತಿ ಬೇಕು?

ಅಮೇರಿಕೆಯ ಟೆಕ್ಸಾಸ್ ಎ ಆಂಡ್ ಎಂ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ಚಾರ್ಲ್ಸ್ ಹ್ಯಾರಿಸರು, ತತ್ತ್ವಜ್ಞ ಪ್ರಿಚರ್ಡರನ್ನೂ ಎಂಜಿನಿಯರ್ ರೇಬಿನ್ಸರನ್ನೂ ಕೂಡಿಕೊಂಡು 1995ರಲ್ಲಿ ಈ ವಿಷಯದ ಪಠ್ಯಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಉಪದೇಶ ಕಡಿಮೆ, ವಿಚಾರಣೆ ಹೆಚ್ಚು. ಗುತ್ತಿಗೆಗಾಗಿ ಕೊಟ್ಟ ಹಣ ಲಂಚವೆಂಬುದನ್ನು ಬಾಲಕನೂ ಬಲ್ಲನು. ಒಂದು ಲೇಖನಿಯ ಕಾಣಿಕೆ ಲಂಚವಲ್ಲ. ಆದರೆ ಉತ್ತಮವೆಂದೇ ಆರಿಸಿದ ಸರಕಿನ ವರ್ತಕನು, ಆಯ್ಕೆ ಮುಗಿದ ಮೇಲೆ ಪ್ರವಾಸದ ವೆಚ್ಚವನ್ನು ಕೊಡಬಂದರೆ? ಮೊತ್ತವೆಷ್ಟು, ಕೊಟ್ಟ ಕಾಲವಾವುದು, ಮುಂದಿನ ಆಯ್ಕೆಯ ಮೇಲೆ ಅದರ ನೆರಳೆಷ್ಟು ಎಂದು, ನಿಸ್ಸಂದೇಹವಾದ ಎರಡು ದೃಷ್ಟಾಂತಗಳ ನಡುವೆ ಗೆರೆಯೆಳೆದು ತೂಗುವುದನ್ನು ಅವರು ಕಲಿಸಿದರು. ನಮ್ಮ ನೈಯಾಯಿಕರ ಸಪಕ್ಷ ವಿಪಕ್ಷಗಳು ನೆನಪಾಗದಿರವು!

ಚಾಲೆಂಜರ್ ಆಕಾಶನೌಕೆಯ ವಿಚಾರವೂ ಅಲ್ಲಿದೆ. 1986ರ ಜನವರಿ 28ರಂದು ಅದು ಒಡೆದು ಏಳು ಜನರು ಮಡಿದರು. ಚಳಿಯಲ್ಲಿ ರಬ್ಬರಿನ ಉಂಗುರಗಳು ಸಂದನ್ನು ಮುಚ್ಚಲಾರವೆಂದು ಎಂಜಿನಿಯರರು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರು, ಮೇಲಧಿಕಾರಿಗಳು ಮನ್ನಿಸಲಿಲ್ಲ.

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2018ರ ಪಠ್ಯಕ್ರಮದಲ್ಲಿ ವೃತ್ತಿನೀತಿಯನ್ನಿರಿಸಿತು. ಹ್ಯಾರಿಸರ ಗ್ರಂಥವನ್ನು ಮಠದ ಭಂಡಾರಕ್ಕೂ ತರಿಸಬೇಕೆಂದು ಶ್ರೀಗಳವರಲ್ಲಿ ಬಿನ್ನವಿಸುತ್ತೇನೆ.